ಕಚೇರಿಯ ಅಕ್ರಮವನ್ನು ಬಯಲಿಗೆ ತರಬೇಕೆಂದಿರುವ ಸರ್ಕಾರಿ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಡದ ಕಾಮಗಾರಿಗೆ ಬಿಲ್ ಪಾಸಾದರೆ, ಟೆಂಡರ್ ಕಡತದಲ್ಲಿ ದಿನಾಂಕ ತಿದ್ದಿದ್ದರೆ, ಫಲಾನುಭವಿಗಳ ಪಟ್ಟಿಯಲ್ಲಿ ಸತ್ತವರ ಹೆಸರಿದ್ದರೆ, ಎಲ್ಲರಿಗಿಂತ ಮೊದಲು ಅದು ಗೊತ್ತಾಗುವುದು ಅದೇ ಕಚೇರಿಯ ಗುಮಾಸ್ತರಿಗೆ, ಎಂಜಿನಿಯರಿಗೆ, ಲೆಕ್ಕದ ಶಾಖೆಯವರಿಗೆ. ಹೇಳಲೋ ಬೇಡವೋ ಎಂದು ನಿದ್ದೆಗೆಡುವವರೂ ಅವರೇ. ಅಂಥವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ದೂರು ಕೊಡುವ ಮುನ್ನ ಮಾಡಿಕೊಂಡ ತಯಾರಿಯೇ ದೂರು ಕೊಟ್ಟ ಮೇಲೆ ನಿಮ್ಮನ್ನು ಕಾಯುವುದು. ಆದ್ದರಿಂದ ಇವತ್ತೇ ಪತ್ರ ಬರೆದು ಟಪಾಲಿಗೆ ಹಾಕುವ ಆತುರದಲ್ಲಿದ್ದರೆ, ಇದನ್ನು ಪೂರ್ತಿ ಓದಿಕೊಂಡು ಹಾಕಿ.

ವಿಷಲ್ ಬ್ಲೋವರ್ ಎಂದರೆ ಯಾರು? ನನ್ನ ಬಡ್ತಿ ತಪ್ಪಿಸಿದ್ದಾರೆ, ಅದೂ ಇದರಲ್ಲಿ ಬರುತ್ತದೆಯೇ?

ಸಾರ್ವಜನಿಕ ಹಣ, ಜನರ ಸುರಕ್ಷತೆ ಅಥವಾ ಅಧಿಕಾರದ ದುರುಪಯೋಗಕ್ಕೆ ಸಂಬಂಧಿಸಿದ ಅಕ್ರಮವನ್ನು, ಕ್ರಮ ಕೈಗೊಳ್ಳಬಲ್ಲವರ ಗಮನಕ್ಕೆ ತರುವವರು ವಿಷಲ್ ಬ್ಲೋವರ್. ಬಡ್ತಿ, ರಜೆ, ವೇತನ ನಿಗದಿ ಇವು ಸೇವಾ ವಿಷಯಗಳು. ಅವಕ್ಕೆ ಇಲಾಖಾ ಮನವಿ, ಮೇಲ್ಮನವಿ, ಆಡಳಿತ ನ್ಯಾಯಮಂಡಳಿಯ ದಾರಿ ಬೇರೆಯೇ ಇದೆ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಡಿ ಕಚೇರಿಯ ಆಂತರಿಕ ಸಮಿತಿಗೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು.

ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಬೇಡಿ. ಕಾಮಗಾರಿ ಹಗರಣದ ದೂರಿನ ಕೊನೆಯ ಪ್ಯಾರಾದಲ್ಲಿ "ಇದೇ ಅಧಿಕಾರಿ ನನ್ನ ಇನ್‌ಕ್ರಿಮೆಂಟ್ ತಡೆದಿದ್ದಾರೆ" ಎಂದು ಸೇರಿಸಿದರೆ ಇಡೀ ಪತ್ರ ವೈಯಕ್ತಿಕ ದ್ವೇಷದ್ದೆಂದು ಬದಿಗೆ ಸರಿಯುತ್ತದೆ. ಬರೆದವರು ಯಾರೆಂಬುದೂ ಆ ಒಂದು ಸಾಲಿನಿಂದಲೇ ಗೊತ್ತಾಗುತ್ತದೆ.

2014ರಲ್ಲಿ ಕಾಯ್ದೆಯೇ ಬಂದಿದೆಯಲ್ಲ, ಅದು ನನ್ನನ್ನು ರಕ್ಷಿಸುವುದಿಲ್ಲವೇ?

ತುಂಬ ಜನ ಇದನ್ನೇ ನಂಬಿಕೊಂಡು ಮುಂದುವರಿಯುತ್ತಾರೆ. ವಿಷಲ್ ಬ್ಲೋವರ್ಸ್ ಸಂರಕ್ಷಣಾ ಕಾಯ್ದೆಗೆ ಲೋಕಸಭೆ 2011ರ ಡಿಸೆಂಬರಿನಲ್ಲಿ, ರಾಜ್ಯಸಭೆ 2014ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟವು. ಅದೇ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಕಾಯ್ದೆ ಇಂಥ ದಿನದಿಂದ ಜಾರಿ ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕಿತ್ತು. ವರ್ಷಗಳು ಉರುಳಿದರೂ ಅದು ಹೊರಬರಲಿಲ್ಲ. 2015ರಲ್ಲಿ ತಿದ್ದುಪಡಿ ಮಸೂದೆಯೊಂದು ಲೋಕಸಭೆಯಲ್ಲಿ ಅಂಗೀಕಾರವಾಯಿತು. ಮಾಹಿತಿ ಹಕ್ಕಿನ ವಿನಾಯಿತಿಗಳ ಮಾದರಿಯಲ್ಲಿ ಹತ್ತು ಬಗೆಯ ಮಾಹಿತಿಯನ್ನು ದೂರಿನ ವ್ಯಾಪ್ತಿಯಿಂದಲೇ ಹೊರಗಿಡುವ ಮಸೂದೆ ಅದು. ಮುಂದೆ ಅದೂ ಲ್ಯಾಪ್ಸ್ ಆಯಿತು.

ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿವೆ. ದೂರುದಾರನಿಗೆ ಕಿರುಕುಳ ಆಗಿಲ್ಲವೆಂದು ಸಾಬೀತುಪಡಿಸುವ ಹೊಣೆ ಇಲಾಖೆಯ ಮೇಲೆ ಬೀಳುತ್ತದೆ. ಗುರುತು ಬಹಿರಂಗಪಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಸಂಸತ್ತು ಪಾಸು ಮಾಡಿದ ರಕ್ಷಣೆಯನ್ನು ಹೀಗೆ ಕಾಗದದಲ್ಲೇ ಕೂರಿಸಿರುವುದು ಪ್ರಾಮಾಣಿಕ ನೌಕರರಿಗೆ ಮಾಡಿದ ಅನ್ಯಾಯ ಎಂದೇ ನಾನು ಹೇಳುತ್ತೇನೆ. ಜಾರಿಯಾಗದ ಕಾಯ್ದೆಯ ಕಲಂ ಬರೆದು ರಕ್ಷಣೆ ಕೇಳಿದರೆ ಅದರಿಂದ ಪ್ರಯೋಜನ ಆಗದು.

ಹಾಗಾದರೆ ಈಗ ಇರುವ ರಕ್ಷಣೆ ಯಾವುದು?

ಕೇಂದ್ರ ಸರ್ಕಾರದ ಮಟ್ಟದಲ್ಲಿ ಒಂದು ನಿರ್ಣಯವಿದೆ. ಅದರ ಹಿಂದೆ ಒಂದು ಜೀವ ಹೋದ ಕಥೆಯಿದೆ. ಸತ್ಯೇಂದ್ರ ದುಬೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್. ಸುವರ್ಣ ಚತುಷ್ಪಥ ಯೋಜನೆಯಲ್ಲಿ ನಡೆಯುತ್ತಿದ್ದ ಅಕ್ರಮದ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದರು, ತಮ್ಮ ಹೆಸರನ್ನು ಗುಟ್ಟಾಗಿಡಿ ಎಂದೂ ಕೇಳಿಕೊಂಡರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಬಿಹಾರದ ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ದೇಶವೇ ಸಿಟ್ಟಿಗೆದ್ದಿತು, ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿತು, 2004ರ ಏಪ್ರಿಲ್ 21ರಂದು ಕೇಂದ್ರ ಸರ್ಕಾರ ಸಾರ್ವಜನಿಕ ಹಿತಾಸಕ್ತಿ ಮಾಹಿತಿ ಬಹಿರಂಗ ಮತ್ತು ಮಾಹಿತಿದಾರರ ರಕ್ಷಣೆಯ ನಿರ್ಣಯ ಹೊರಡಿಸಿತು. ಕಚೇರಿ ಮಾತಿನಲ್ಲಿ ಪಿಐಡಿಪಿಐ ಎನ್ನುವುದು ಇದಕ್ಕೇ.

ಇದರಡಿ ಕೇಂದ್ರ ಜಾಗೃತ ಆಯೋಗ, ಅಂದರೆ ಸಿವಿಸಿ, ದೂರು ಪಡೆಯುತ್ತದೆ ಮತ್ತು ಹೆಸರನ್ನು ಗುಟ್ಟಾಗಿಡುತ್ತದೆ. 2013ರ ಬದಲಾವಣೆಯ ನಂತರ ಆಯಾ ಸಚಿವಾಲಯದ ಮುಖ್ಯ ಜಾಗೃತಾಧಿಕಾರಿಗಳಿಗೂ ದೂರು ಪಡೆಯುವ ಅಧಿಕಾರ ಬಂದಿದೆ. ದೂರು ಕೊಟ್ಟದ್ದಕ್ಕೆ ಕಿರುಕುಳವಾದರೆ ಆಯೋಗಕ್ಕೇ ಅರ್ಜಿ ಹಾಕಬಹುದು. ಸಂಬಂಧಪಟ್ಟವರಿಗೆ ನಿರ್ದೇಶನ ಕೊಡುವ ಅಧಿಕಾರ ಅದಕ್ಕಿದೆ. ಇದು ನಿರ್ಣಯವೇ ಹೊರತು ಕಾಯ್ದೆಯಲ್ಲ, ಹಾಗಾಗಿ ಗುಟ್ಟು ಬಿಟ್ಟುಕೊಟ್ಟವರನ್ನು ಜೈಲಿಗೆ ಕಳಿಸುವ ಬಲ ಇದಕ್ಕಿಲ್ಲ. ಆದರೂ ಕೇಂದ್ರ ನೌಕರರಿಗೆ ಗುರುತು ಮುಚ್ಚಿಟ್ಟು ದೂರು ಕೊಡಲು ಇರುವ ದಾರಿಗಳಲ್ಲಿ ಇದೇ ಗಟ್ಟಿಯಾದದ್ದು.

ಪಿಐಡಿಪಿಐ ದೂರನ್ನು ಬರೆಯುವುದು ಹೇಗೆ?

ಇಲ್ಲಿ ಸಣ್ಣ ತಪ್ಪಾದರೂ ಗುಟ್ಟು ಹೋಗುತ್ತದೆ, ಅದಕ್ಕೇ ನಿಧಾನವಾಗಿ ಓದಿ. ದೂರನ್ನು ಅಂಚೆಯಲ್ಲಿ, ಅಂಟಿಸಿದ ಲಕೋಟೆಯಲ್ಲಿ, ನವದೆಹಲಿಯ ಸತರ್ಕತಾ ಭವನದಲ್ಲಿರುವ ಸಿವಿಸಿ ಕಾರ್ಯದರ್ಶಿಗೆ ಕಳಿಸಬೇಕು. ಲಕೋಟೆಯ ಮೇಲೆ "PIDPI" ಎಂದು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಎದ್ದು ಕಾಣುವಂತೆ ಬರೆಯಿರಿ. ಕಳಿಸಿದವರ ಹೆಸರು, ವಿಳಾಸ ಲಕೋಟೆಯ ಮೇಲೆ ಇರಬಾರದು. ಇಂಥ ಲಕೋಟೆಯನ್ನು ಕಳುಹಿಸಿದವರ ಹೆಸರಿಲ್ಲದೆಯೂ ತೆಗೆದುಕೊಳ್ಳುವಂತೆ ಅಂಚೆ ಕಚೇರಿಗಳಿಗೆ ಸೂಚನೆಯಿದೆ.

ಒಳಗೆ ಮಾತ್ರ ಹೆಸರು, ವಿಳಾಸ ಇರಲೇಬೇಕು. ಅದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಲಗತ್ತಿಸುವುದು ಒಳ್ಳೆಯದು, ಏಕೆಂದರೆ ತನಿಖೆಗೆ ಹೋಗುವುದು ದೂರಿನ ಹಾಳೆ. ಆ ದೂರಿನ ಹಾಳೆಯಲ್ಲಿ "ನಾನು ಈ ಕಡತ ನೋಡಿಕೊಳ್ಳುತ್ತಿದ್ದಾಗ", "ನಾನು ಆಕ್ಷೇಪ ಎತ್ತಿದ್ದಕ್ಕೆ" ಎಂಬಂಥ ಒಂದು ವಾಕ್ಯವೂ ಬೇಡ. ಇಂಥ ದಿನ, ಇಂಥ ಕಡತದಲ್ಲಿ, ಇಷ್ಟು ಮೊತ್ತಕ್ಕೆ, ಇಂಥ ನಿಯಮ ಮೀರಿ ಹೀಗಾಗಿದೆ ಎಂದಷ್ಟೇ ಬರೆಯಿರಿ. ನಿಮ್ಮೊಬ್ಬರ ಬಳಿ ಮಾತ್ರ ಇರಬಹುದಾದ ದಾಖಲೆಯನ್ನು ಲಗತ್ತಿಸುವ ಬದಲು, ತನಿಖೆ ಮಾಡುವವರು ಯಾವ ಕಡತ, ಯಾವ ಅಳತೆ ಪುಸ್ತಕ, ಯಾವ ಪುಟ ನೋಡಬೇಕೆಂದು ತಿಳಿಸಿ.

ಇಮೇಲಿನಲ್ಲಿ ಅಥವಾ ಆನ್‌ಲೈನ್ ಪೋರ್ಟಲಿನಲ್ಲಿ ಹಾಕಿದರೆ ಅದು ಮಾಮೂಲಿ ದೂರಾಗುತ್ತದೆ, ಗೌಪ್ಯತೆಯ ರಕ್ಷಣೆ ಸಿಗುವುದಿಲ್ಲ. ಅದೇ ದೂರಿನ ಪ್ರತಿಯನ್ನು ಮಂತ್ರಿಗೆ, ಶಾಸಕರಿಗೆ, ಸಂಘಟನೆಗೆ ಕಳಿಸಿದರೂ ಗೌಪ್ಯತೆಗೆ ಅರ್ಥ ಉಳಿಯುವುದಿಲ್ಲ. ದೂರು ನಿಮ್ಮದೇ ಹೌದೇ, ಬೇರೆಲ್ಲೂ ಕೊಟ್ಟಿಲ್ಲವೇ ಎಂದು ಕೇಳಿ ಆಯೋಗದಿಂದ ಪತ್ರ ಬರುತ್ತದೆ. ಅದಕ್ಕೆ ಉತ್ತರಿಸದಿದ್ದರೆ ವಿಷಯ ಮುಂದೆ ಹೋಗದು. ಆದ್ದರಿಂದ ಆ ಪತ್ರ ಬೇರೆಯವರ ಕೈಗೆ ಸಿಗದಂಥ ಮನೆಯ ವಿಳಾಸವನ್ನೇ ಕೊಡಿ.

ನಾನು ರಾಜ್ಯ ಸರ್ಕಾರಿ ನೌಕರ. ಇದು ನನಗೂ ಅನ್ವಯಿಸುತ್ತದೆಯೇ?

ಇಲ್ಲ. ಸಿವಿಸಿಯ ಪಿಐಡಿಪಿಐ ವ್ಯಾಪ್ತಿ ಕೇಂದ್ರದ ಇಲಾಖೆಗಳು ಮತ್ತು ಕೇಂದ್ರದ ಅಧೀನದ ನಿಗಮ, ಸಂಸ್ಥೆಗಳಿಗಷ್ಟೇ ಸೀಮಿತ. ತಾಲ್ಲೂಕು ಕಚೇರಿ, ಜಿಲ್ಲಾ ಪಂಚಾಯಿತಿ, ಲೋಕೋಪಯೋಗಿ ಇಲಾಖೆಯವರಿಗೆ ಕರ್ನಾಟಕದಲ್ಲಿ ಮುಖ್ಯ ದಾರಿ ಲೋಕಾಯುಕ್ತ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಡಿ ಯಾರು ಬೇಕಾದರೂ ದೂರು ಕೊಡಬಹುದು, ಸರ್ಕಾರಿ ನೌಕರರೂ ಕೊಡಬಹುದು. ದೂರು ನಿಗದಿತ ನಮೂನೆಯಲ್ಲಿರಬೇಕು, ಜೊತೆಗೆ ಪ್ರಮಾಣಪತ್ರ ಅಂದರೆ ಅಫಿಡವಿಟ್ ಇರಬೇಕು. ಲಂಚ, ಆದಾಯ ಮೀರಿದ ಆಸ್ತಿಯಂಥ ಅಪರಾಧಗಳನ್ನು ಲೋಕಾಯುಕ್ತದ ಪೊಲೀಸ್ ವಿಭಾಗ ನೋಡುತ್ತದೆ. 2016ರಲ್ಲಿ ರಚನೆಯಾದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದುಪಡಿಸಿದ ಮೇಲೆ ಆ ಕೆಲಸ ಮತ್ತೆ ಲೋಕಾಯುಕ್ತಕ್ಕೆ ಬಂದಿದೆ.

ಕಷ್ಟ ಇರುವುದು ಅಫಿಡವಿಟ್ಟಿನಲ್ಲಿ. ಅದರಲ್ಲಿ ನಿಮ್ಮ ಹೆಸರಿರುತ್ತದೆ, ಮತ್ತು ವಿಚಾರಣೆ ಶುರುವಾದಾಗ ದೂರಿನ ಪ್ರತಿ ಆರೋಪಕ್ಕೊಳಗಾದವರಿಗೂ ಅವರ ಮೇಲಿನ ಪ್ರಾಧಿಕಾರಕ್ಕೂ ಹೋಗುತ್ತದೆ. ಅಂದರೆ ಲೋಕಾಯುಕ್ತದಲ್ಲಿ ದೂರುದಾರರಾಗುವ ರಾಜ್ಯ ನೌಕರರು ಹೆಸರು ಹೊರಬರುತ್ತದೆ ಎಂದು ಒಪ್ಪಿಕೊಂಡೇ ಹೆಜ್ಜೆ ಇಡಬೇಕು. ಲೋಕಾಯುಕ್ತ ಪೊಲೀಸರಿಗೆ ಮಾಹಿತಿಯನ್ನಷ್ಟೇ ಕೊಡುವುದು ಇನ್ನೊಂದು ದಾರಿ. ಅಪರಾಧದ ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎಂದು ಸಾಕ್ಷ್ಯ ಕಾನೂನು ಹೇಳುತ್ತದೆ. ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜಿ) ಕೂಡ ಇಂಥ ಮೂಲದ ಗುರುತನ್ನು ಕೊಡದಿರಲು ಅವಕಾಶ ಮಾಡಿದೆ. ಇವೆರಡೂ ಒಳ್ಳೆಯ ರಕ್ಷಣೆಗಳೇ, ಆದರೆ ಬಾಯಿಬಿಡುವ ಅಧಿಕಾರಿಯ ಬಾಯಿಯನ್ನು ಕಾನೂನು ಕಟ್ಟಿಹಾಕದು. ಯಾರಿಗೆ ಹೇಳುತ್ತಿದ್ದೀರಿ ಎಂಬುದನ್ನು ನೋಡಿಕೊಂಡು ಹೇಳಿ.

ಮೂಗರ್ಜಿ ಹಾಕಿದರೆ ಆಗದೇ?

ಸಿವಿಸಿ ಮೂಗರ್ಜಿಗಳ ಮೇಲೆ ಕ್ರಮ ಕೈಗೊಳ್ಳುವುದಿಲ್ಲ. 2014ರ ಕಾಯ್ದೆ ಜಾರಿಗೆ ಬಂದರೂ ಹೆಸರಿಲ್ಲದ ದೂರಿಗೆ ಅದರಲ್ಲಿ ಜಾಗವಿಲ್ಲ. ಇನ್ನೂ ದೊಡ್ಡ ಅಪಾಯವೆಂದರೆ, ಮೂಗರ್ಜಿ ತಲುಪಿದ ಕಚೇರಿ ಅದನ್ನು "ವರದಿಗಾಗಿ" ಎಂದು ಷರಾ ಬರೆದು ಅದೇ ಅಧಿಕಾರಿಗೆ ಕಳಿಸುವುದುಂಟು. ಆಗ ಅವರಿಗೆ ಎಚ್ಚರಿಕೆ ಸಿಗುತ್ತದೆ, ಕಡತ ಕಾಣೆಯಾಗುತ್ತದೆ, ಕೈಬರಹ ಯಾರದೆಂಬ ಹುಡುಕಾಟ ಶುರುವಾಗುತ್ತದೆ.

ದಾಖಲೆಗಳ ಪ್ರತಿ ಇಟ್ಟುಕೊಳ್ಳಬಹುದೇ?

ನಡತೆ ನಿಯಮಗಳು ಇಲ್ಲಿ ಅಡ್ಡ ಬರುತ್ತವೆ. ಕೇಂದ್ರ ನೌಕರರಿಗೆ 1964ರ, ರಾಜ್ಯ ನೌಕರರಿಗೆ 2021ರ ನಿಯಮಗಳಿವೆ. ಕಚೇರಿಯ ಮಾಹಿತಿಯನ್ನು ಅನುಮತಿಯಿಲ್ಲದೆ ಹೊರಗಿನವರಿಗೆ ಕೊಡುವುದು ದುರ್ನಡತೆ. ರಕ್ಷಣೆ, ಭದ್ರತೆಗೆ ಸಂಬಂಧಿಸಿದ ಕಾಗದವಾದರೆ 1923ರ ಅಧಿಕೃತ ರಹಸ್ಯ ಕಾಯ್ದೆಯೂ ಬರುತ್ತದೆ. ಮೂಲ ಕಡತವನ್ನು ಮನೆಗೆ ಒಯ್ಯುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಕಡತ ಕಳವಿನ ಆರೋಪ ಬಂದರೆ ಹಗರಣ ಹಿಂದೆ ಸರಿದು ನೀವೇ ಆರೋಪಿಯಾಗುತ್ತೀರಿ.

ಮಾಡಬೇಕಾದ್ದು ಇಷ್ಟು. ಪ್ರತಿದಿನ ಕಂಡದ್ದನ್ನು ದಿನಾಂಕ, ಕಡತ ಸಂಖ್ಯೆ, ಹಾಜರಿದ್ದವರ ಹೆಸರಿನ ಸಮೇತ ಸ್ವಂತ ನೋಟ್‌ಬುಕ್ಕಿನಲ್ಲಿ, ಮನೆಯಲ್ಲಿ ಬರೆದಿಡಿ. ಕಚೇರಿಯ ಕಂಪ್ಯೂಟರ್, ಕಚೇರಿಯ ಇಮೇಲ್, ಕಚೇರಿಯ ಜೆರಾಕ್ಸ್ ಯಂತ್ರ ಬೇಡ. ಇ-ಆಫೀಸಿನಲ್ಲಿ ಯಾರು ಯಾವಾಗ ಯಾವ ಕಡತ ತೆರೆದರೆಂಬುದಕ್ಕೆ ಗುರುತು ಉಳಿಯುತ್ತದೆ. ದಾಖಲೆಯನ್ನು ನ್ಯಾಯವಾಗಿ ಪಡೆಯಲು ಮಾಹಿತಿ ಹಕ್ಕು ಇದೆ, ಮತ್ತು ಆ ಅರ್ಜಿಯನ್ನು ನೀವೇ ಹಾಕಬೇಕೆಂದಿಲ್ಲ. ಮೊಬೈಲ್ ರೆಕಾರ್ಡಿಂಗ್ ಇದ್ದರೆ ಆ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ಫೈಲನ್ನು ಕತ್ತರಿಸಬೇಡಿ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ.

ಮೇಲಧಿಕಾರಿ ಬಾಯಿಮಾತಿನಲ್ಲೇ "ಬಿಲ್ ಪಾಸ್ ಮಾಡಿ" ಎನ್ನುತ್ತಾರೆ. ಏನು ಮಾಡಲಿ?

ಬರಹದಲ್ಲಿ ಕೇಳಿ. ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು, ಅಧಿಕಾರಿಗಳು ಮೌಖಿಕ ಆದೇಶದ ಮೇಲೆ ಕೆಲಸ ಮಾಡಬಾರದು, ಬಂದ ಸೂಚನೆಯನ್ನು ದಾಖಲಿಸಬೇಕು ಎಂದಿತು. ಮೇಲಿನವರು ಬರೆದುಕೊಡದಿದ್ದರೆ ಟಿಪ್ಪಣಿ ಹಾಳೆಯಲ್ಲಿ "ಮಾನ್ಯರು ದಿನಾಂಕ ಇಂಥದ್ದರಂದು ಮೌಖಿಕವಾಗಿ ಸೂಚಿಸಿದಂತೆ ಕಡತ ಮಂಡಿಸಿದೆ, ಸ್ಥಳ ಪರಿಶೀಲನಾ ವರದಿ ಲಭ್ಯವಿಲ್ಲ" ಎಂದು ವಿನಯದಿಂದ ಬರೆಯಿರಿ. ಈ ಒಂದು ಸಾಲಿನಿಂದ ಎಷ್ಟೋ ಬಿಲ್ಲುಗಳು ಅಲ್ಲೇ ನಿಲ್ಲುತ್ತವೆ. ಮುಂದೆ ವಿಚಾರಣೆಯಾದಾಗ ನಿಮ್ಮ ಪಾಲಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇರುವುದಿಲ್ಲ.

ಪತ್ರಿಕೆಗೋ ಟಿವಿಗೋ ಕೊಟ್ಟರೆ ಬೇಗ ಕೆಲಸವಾಗುವುದಲ್ಲವೇ?

ಸುದ್ದಿ ಬೇಗ ಆಗುತ್ತದೆ. ಆದರೆ ನಿಮ್ಮ ಕೆಲಸ ಉಳಿಯುತ್ತದೆಯೇ ಎಂಬುದು ಬೇರೆ ಮಾತು. 1994ರಲ್ಲಿ ಗುಜರಾತಿನ ಕಾಕ್ರಾಪಾರ್ ಅಣುವಿದ್ಯುತ್ ಸ್ಥಾವರಕ್ಕೆ ನೀರು ನುಗ್ಗಿದ್ದನ್ನು ಅಲ್ಲಿನ ನೌಕರರೊಬ್ಬರು ಪತ್ರಿಕೆಗೆ ಬರೆದು ಕೆಲಸ ಕಳೆದುಕೊಂಡರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2013ರಲ್ಲಿ ತೀರ್ಪು ಬಂತು. ಅವರನ್ನು ವಿಷಲ್ ಬ್ಲೋವರ್ ಎಂದು ನ್ಯಾಯಾಲಯ ಒಪ್ಪಲಿಲ್ಲ, ಕೆಲಸವೂ ಮರಳಲಿಲ್ಲ. ಒಳಗಿನ ದಾರಿಗಳನ್ನು ಬಳಸದೆ ನೇರವಾಗಿ ಹೊರಗೆ ಹೋದದ್ದು ಅವರಿಗೆ ಮುಳುವಾಯಿತು. ತೀರ್ಪು ನ್ಯಾಯವೇ ಎಂದು ಕೇಳಿದರೆ, ಅಣುಸ್ಥಾವರದ ಸುರಕ್ಷತೆಯ ವಿಷಯದಲ್ಲಿ ಅಷ್ಟು ಬಿಗಿಯಾಗಬಾರದಿತ್ತು ಎಂದು ನನಗನ್ನಿಸುತ್ತದೆ. ಆದರೆ ನೀವು ಹೆಜ್ಜೆ ಇಡಬೇಕಾದ್ದು ಇರುವ ತೀರ್ಪನ್ನು ನೋಡಿಕೊಂಡು. ಮೊದಲು ಅಧಿಕಾರವುಳ್ಳ ಸಂಸ್ಥೆಗೆ ದೂರು ಕೊಟ್ಟು, ಕೊಟ್ಟದ್ದಕ್ಕೆ ದಾಖಲೆ ಇಟ್ಟುಕೊಳ್ಳಿ.

ಸೇಡು ಯಾವ ರೂಪದಲ್ಲಿ ಬರುತ್ತದೆ?

"ದೂರು ಕೊಟ್ಟದ್ದಕ್ಕೆ" ಎಂದು ಯಾವ ಆದೇಶದಲ್ಲೂ ಬರೆದಿರುವುದಿಲ್ಲ. "ಆಡಳಿತದ ಹಿತದೃಷ್ಟಿಯಿಂದ" ಎಂದಿರುತ್ತದೆ. ವರ್ಷದ ನಡುವೆ ದೂರದೂರಿಗೆ ಎತ್ತಂಗಡಿ, ಹುದ್ದೆ ತೋರಿಸದೆ ಕಾಯಿಸುವುದು, ಹತ್ತು ನಿಮಿಷ ತಡವಾದರೂ ಮೆಮೋ, ಕೇಳಿದ ರಜೆ ತಿರಸ್ಕಾರ, ಕೈಯಲ್ಲಿದ್ದ ಕೆಲಸ ಕಿತ್ತುಕೊಂಡು ಸುಮ್ಮನೆ ಕೂರಿಸುವುದು, ಹಳೆಯ ಕಡತ ಕೆದಕಿ ದೋಷಾರೋಪಣ ಪಟ್ಟಿ, ನಿವೃತ್ತಿಯ ಹೊಸ್ತಿಲಲ್ಲಿ ಪಿಂಚಣಿ ತಡೆ. ಸಹೋದ್ಯೋಗಿಗಳು ಮಾತು ಬಿಡುವುದು ಇವೆಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ, ಅದಕ್ಕೆ ಯಾವ ನ್ಯಾಯಮಂಡಳಿಯಲ್ಲೂ ಪರಿಹಾರವಿಲ್ಲ. ಆದ್ದರಿಂದ ಮನೆಯವರಿಗೆ ಮೊದಲೇ ತಿಳಿಸಿರಿ.

ಒಂದು ಕಾಲಾನುಕ್ರಮ ಪಟ್ಟಿ ಮಾಡುತ್ತಾ ಹೋಗಿ: ದೂರು ಕೊಟ್ಟ ದಿನ, ಅಧಿಕಾರಿಗೆ ಅದು ಗೊತ್ತಾದ ದಿನ, ಮೊದಲ ಮೆಮೋ ಬಂದ ದಿನ, ಅದಕ್ಕೆ ಮುನ್ನ ಎಷ್ಟು ವರ್ಷ ಒಂದೂ ಮೆಮೋ ಇರಲಿಲ್ಲ ಎಂಬುದು. ಸೇಡನ್ನು ಸಾಬೀತು ಮಾಡುವುದು ಈ ದಿನಾಂಕಗಳೇ. ಪ್ರತಿ ಮೆಮೋಗೂ ಗಡುವಿನೊಳಗೆ, ಸಿಟ್ಟಿಲ್ಲದ ಭಾಷೆಯಲ್ಲಿ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ.

ದೂರಿನ ನಂತರ ವರ್ಗಾವಣೆ ಮಾಡಿದ್ದಾರೆ. ತಡೆಯಾಜ್ಞೆ ಸಿಗುತ್ತದೆಯೇ?

ವರ್ಗಾವಣೆ ಸೇವೆಯ ಸಹಜ ಭಾಗವೆಂಬ ಕಾರಣಕ್ಕೆ ನ್ಯಾಯಾಲಯಗಳು ಸುಲಭವಾಗಿ ಕೈ ಹಾಕುವುದಿಲ್ಲ. ಆದರೆ ಶಿಕ್ಷೆಯ ಬದಲಿಗೆ ಮಾಡಿದ ವರ್ಗಾವಣೆ ಕಾನೂನುಬಾಹಿರ ಎಂದು ಸೋಮೇಶ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಕೇಂದ್ರ ನೌಕರರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ, ರಾಜ್ಯದವರು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗಬೇಕು. ಕೆಎಟಿಗೆ ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಸಾಮಾನ್ಯವಾಗಿ ಮೊದಲು ಇಲಾಖೆಗೆ ಮನವಿ ಕೊಟ್ಟಿರಬೇಕು, ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವರ್ಗಾವಣೆಯಲ್ಲಂತೂ ಕೆಲವೇ ದಿನ ತಡವಾದರೂ ಬೇರೆಯವರು ಬಂದು ಚಾರ್ಜ್ ತೆಗೆದುಕೊಂಡಿರುತ್ತಾರೆ. ಆದೇಶ ಕೈಗೆ ಬಂದ ದಿನವೇ ವಕೀಲರನ್ನು ಕಾಣಿ. ತಡೆಯಾಜ್ಞೆ ಇಲ್ಲದೆ ಹೊಸ ಜಾಗಕ್ಕೆ ಹಾಜರಾಗದೆ ಕೂತರೆ ಅನಧಿಕೃತ ಗೈರುಹಾಜರಿಯ ಹೊಸ ಪ್ರಕರಣಕ್ಕೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಅಮಾನತು ಮಾಡಿದರೆ?

ಅಮಾನತು ಶಿಕ್ಷೆಯಲ್ಲ ಎಂದು ನಿಯಮ ಹೇಳುತ್ತದೆ. ಅನುಭವಿಸುವವರಿಗೆ ಅದು ಶಿಕ್ಷೆಯೇ. ಜೀವನಾಧಾರ ಭತ್ಯೆ ಪಡೆಯುವುದು ನಿಮ್ಮ ಹಕ್ಕು. ಅಜಯ್ ಕುಮಾರ್ ಚೌಧರಿ ಪ್ರಕರಣದ 2015ರ ತೀರ್ಪಿನಂತೆ, ಮೂರು ತಿಂಗಳೊಳಗೆ ದೋಷಾರೋಪಣ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಯಬಾರದು; ಕೊಟ್ಟಿದ್ದರೂ ಮುಂದುವರಿಸಲು ಕಾರಣ ಬರೆಯಬೇಕು. ತೊಂಬತ್ತನೆಯ ದಿನ ಕ್ಯಾಲೆಂಡರಿನಲ್ಲಿ ಗುರುತಿರಲಿ. ಸಂವಿಧಾನದ 311ನೇ ವಿಧಿಯ ಪ್ರಕಾರ ವಿಚಾರಣೆ ನಡೆಸದೆ ವಜಾ ಮಾಡುವುದಾಗಲಿ ಹಿಂಬಡ್ತಿ ಕೊಡುವುದಾಗಲಿ, ಕೆಲವು ಅಪವಾದಗಳ ಹೊರತು, ಆಗದು.

ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಅಂಕ ಇಳಿಸಿದ್ದಾರೆ.

ವರದಿಯ ಪ್ರತಿಯೊಂದು ದಾಖಲಾತಿಯನ್ನೂ ನೌಕರನಿಗೆ ತಿಳಿಸಬೇಕೆಂದು ದೇವದತ್ತ ಪ್ರಕರಣದಲ್ಲಿ 2008ರಲ್ಲೇ ತೀರ್ಪಾಗಿದೆ. ಪ್ರತಿ ಕೇಳಿ ಪಡೆದು, ಹಿಂದಿನ ವರ್ಷಗಳ ಶ್ರೇಣಿ ತೋರಿಸಿ ಮನವಿ ಕೊಡಿ.

ದೂರು ಸಾಬೀತಾಗದಿದ್ದರೆ ನನ್ನ ಮೇಲೇ ಕೇಸ್ ಹಾಕುತ್ತಾರೆಯೇ?

ಸಾಬೀತಾಗದ ದೂರು ಬೇರೆ, ಸುಳ್ಳೆಂದು ಗೊತ್ತಿದ್ದೂ ಕೊಟ್ಟ ದೂರು ಬೇರೆ. ಶಿಕ್ಷೆಯಿರುವುದು ಎರಡನೆಯದಕ್ಕೆ, ಲೋಕಾಯುಕ್ತ ಕಾಯ್ದೆಯಲ್ಲೂ ಅದಕ್ಕೆ ಜೈಲಿದೆ. ಕಣ್ಣಾರೆ ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು, ಅನುಮಾನವನ್ನು ಅನುಮಾನವೆಂದು ಬರೆದವರು ಹೆದರಬೇಕಿಲ್ಲ. "ಕೋಟಿಗಟ್ಟಲೆ ನುಂಗಿದ್ದಾರೆ" ಎಂದು ಬರೆಯುವ ಬದಲು "ಈ ಮೂರು ಬಿಲ್ಲುಗಳಲ್ಲಿ ಒಂದೇ ರಸ್ತೆಯ ಸರಪಳಿ (ಉದ್ದದ ಅಳತೆ) ಮತ್ತೆ ಬಂದಿದೆ" ಎಂದು ಬರೆಯಿರಿ.

ಬಲವಂತಕ್ಕೆ ನಾನೂ ಆ ಬಿಲ್ಲಿಗೆ ಸಹಿ ಹಾಕಿದ್ದೇನೆ. ಈಗ ಹೇಳಿದರೆ ನಾನೂ ಸಿಕ್ಕಿಬೀಳುವುದಿಲ್ಲವೇ?

ಸಿಕ್ಕಿಬೀಳುವ ಸಾಧ್ಯತೆ ಇದೆ, ಅದನ್ನು ಮುಚ್ಚಿಡಲಾರೆ. ದೂರು ಕೊಡುವ ಮುನ್ನ ಕ್ರಿಮಿನಲ್ ವಕೀಲರ ಜೊತೆ ಕೂತು ಮಾತಾಡಿ, ಅವರ ಬಳಿ ಏನನ್ನೂ ಮುಚ್ಚಿಡಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಯ ಕಲಂ 5 ವಿಶೇಷ ನ್ಯಾಯಾಧೀಶರಿಗೆ ಕ್ಷಮಾದಾನ ನೀಡುವ ಅಧಿಕಾರ ಕೊಟ್ಟಿದೆ; ಇದ್ದದ್ದನ್ನೆಲ್ಲ ಪೂರ್ತಿ ಹೇಳಿ ಮಾಫಿ ಸಾಕ್ಷಿಯಾಗಲು ಅಲ್ಲಿ ಅವಕಾಶವಿದೆ. ಬೇರೆಯವರು ದೂರು ಕೊಟ್ಟು ತನಿಖೆ ಶುರುವಾದ ಮೇಲೆ ಬಾಯಿಬಿಡುವುದಕ್ಕಿಂತ, ತಾನಾಗಿ ಮೊದಲು ಹೇಳಿದವರ ಮಾತಿಗೆ ಬೆಲೆ ಹೆಚ್ಚು.

ಜೀವ ಬೆದರಿಕೆ ಬರುತ್ತಿದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡರು. 2005ರ ನವೆಂಬರಿನಲ್ಲಿ ಅವರ ಕೊಲೆಯಾಯಿತು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಬೆದರಿಕೆಯ ಕರೆ, ಸಂದೇಶ, ವಾಹನದ ಸಂಖ್ಯೆ ಬರೆದಿಟ್ಟು ಕೂಡಲೇ ಪೊಲೀಸರಿಗೆ ಲಿಖಿತ ದೂರು ಕೊಡಿ, ಎಸ್‌ಪಿ ಅಥವಾ ಕಮಿಷನರ್ ಕಚೇರಿಗೂ ಪ್ರತಿ ಇರಲಿ. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಡಿ, ಕ್ರಿಮಿನಲ್ ಪ್ರಕರಣದ ಸಾಕ್ಷಿಗಳು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ರಕ್ಷಣೆ ಕೋರಿ ಅರ್ಜಿ ಹಾಕಬಹುದು. ಬೆದರಿಕೆ ಎಷ್ಟು ಗಂಭೀರ ಎಂಬುದರ ಮೇಲೆ ಪೊಲೀಸ್ ಕಾವಲು, ಮನೆಗೆ ಕ್ಯಾಮೆರಾ, ಗುರುತು ಗೌಪ್ಯವಾಗಿಡುವುದು ಇವೆಲ್ಲ ಸಿಗಬಹುದು. ಪಿಐಡಿಪಿಐ ದೂರುದಾರರು ಸಿವಿಸಿಗೂ ಬರೆಯಬೇಕು. ಒಬ್ಬಂಟಿಯಾಗಿ ಸ್ಥಳ ಪರಿಶೀಲನೆಗೆ ಹೋಗುವುದನ್ನು ನಿಲ್ಲಿಸಿ.

ನಾನು ಹೊರಗುತ್ತಿಗೆ ನೌಕರ. ನನಗೇನು ರಕ್ಷಣೆ?

ಕಡಿಮೆ. 311ನೇ ವಿಧಿ ನಿಮಗಿಲ್ಲ, ಏಜೆನ್ಸಿಗೆ ಒಂದು ಫೋನ್ ಹೋದರೆ ಕೆಲಸ ಹೋಗುತ್ತದೆ. ಕೇಂದ್ರದ ಕಚೇರಿಯಾದರೆ ಪಿಐಡಿಪಿಐ ದೂರು ನೀವೂ ಕೊಡಬಹುದು, ಏಕೆಂದರೆ ಅದು ನೌಕರರಿಗಷ್ಟೇ ಮೀಸಲಲ್ಲ. ರಾಜ್ಯದ ಕಚೇರಿಯಾದರೆ ಹೆಸರು ಹಾಕಿ ದೂರು ಕೊಡುವುದಕ್ಕಿಂತ ತನಿಖಾ ಸಂಸ್ಥೆಗೆ ಮಾಹಿತಿ ಮುಟ್ಟಿಸುವ ದಾರಿ ನಿಮಗೆ ಹೆಚ್ಚು ಕ್ಷೇಮ.

ನಮ್ಮ ಕಚೇರಿಯಲ್ಲೇ ಯಾರೋ ದೂರು ಕೊಟ್ಟಿದ್ದಾರೆ. ನಾನೇನು ಮಾಡಬಹುದು?

ಯಾರೆಂದು ಊಹಿಸಬೇಡಿ, ಊಹಿಸಿದ್ದರೆ ಬಾಯಿಬಿಡಬೇಡಿ. "ಅವರೇ ಇರಬೇಕು" ಎಂದು ಊಟದ ಹೊತ್ತಿನಲ್ಲಿ ಆಡಿದ ಮಾತು ಸಂಜೆಯೊಳಗೆ ಸಾಹೇಬರ ಕಿವಿ ಮುಟ್ಟುತ್ತದೆ. ತನಿಖಾಧಿಕಾರಿ ಕರೆದಾಗ ಕಂಡದ್ದನ್ನು ಹೇಳಿ. ದೂರುದಾರರ ಮೇಲೆ ಇಲಾಖಾ ವಿಚಾರಣೆ ಶುರುವಾದರೆ ಅವರ ಪರವಾಗಿ ವಾದಿಸಲು ನಿಯಮದಲ್ಲಿ ಸಹೋದ್ಯೋಗಿಯೊಬ್ಬರ ನೆರವು ಪಡೆಯುವ ಅವಕಾಶವಿದೆ. ಹಾಗೆ ನಿಲ್ಲಲು ಒಬ್ಬರೂ ಸಿಗದೆ ಒಂಟಿಯಾಗಿ ವಿಚಾರಣೆ ಎದುರಿಸಿದವರಿದ್ದಾರೆ. ನಿಮ್ಮನ್ನು ಕೇಳಿದರೆ ಒಪ್ಪಿಕೊಳ್ಳಿ.